ಓಲೆಗರಿಯ ಕಟ್ಟಿನಲ್ಲಿ ಉಳಿದ ಇತಿಹಾಸ : ಡಾ. ಫ. ಗು. ಹಳಕಟ್ಟಿಯವರ ಜೀವನ ಮತ್ತು ಸಾಧನೆ

ಒಂದು ಜನಾಂಗವು ತನ್ನ ಪೂರ್ವಜರನ್ನು ಎರಡು ಬಗೆಯಲ್ಲಿ ನೆನೆಯುತ್ತದೆ. ಅವರನ್ನು ಕುರಿತು ಪರರು ಕಟ್ಟಿ ಹೇಳಿದ ಕಥೆಗಳ ಮೂಲಕ ನೆನೆಯುವುದು ಒಂದು ಬಗೆ. ಅವರೇ ಆಡಿದ ಮಾತುಗಳ ಮೂಲಕ ನೆನೆಯುವುದು ಇನ್ನೊಂದು ಬಗೆ. ಮೊದಲನೆಯದು ಎಲ್ಲರಿಗೂ ಸುಲಭವಾದುದು. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ಪುರಾಣ ಹಚ್ಚಿದರೆ ಅಕ್ಷರವರಿಯದ ಮುದುಕಿಯೂ ಅದನ್ನು ಆಲಿಸಿ, ಮನೆಗೆ ಮರಳಿ ಮೊಮ್ಮಕ್ಕಳಿಗೆ ಹೇಳಬಲ್ಲಳು. ಎರಡನೆಯದು ಶ್ರಮಸಾಧ್ಯವಾದುದು. ಅದಕ್ಕೆ ಮೂಲವನ್ನು ಹುಡುಕಬೇಕು, ಓದಬೇಕು, ಪ್ರತಿಗೆ ಪ್ರತಿಯನ್ನು ಹೋಲಿಸಬೇಕು, ಅಚ್ಚು ಮಾಡಿಸಬೇಕು. ಈ ಶ್ರಮವನ್ನು ಯಾರೂ ವಹಿಸದೆ ಹೋದರೆ ಕಾಲಾಂತರದಲ್ಲಿ ಕಥೆಯೊಂದೇ ಉಳಿದು, ಕಥೆಯೇ ಇತಿಹಾಸವೆನಿಸಿಕೊಳ್ಳುತ್ತದೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಉತ್ತರ ಕರ್ನಾಟಕದ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇದ್ದಿತು. ಬಸವಣ್ಣನವರ ಹೆಸರನ್ನು ಕೇಳದ ಲಿಂಗವಂತರ ಮನೆ ಇರಲಿಲ್ಲ. ಆದರೆ ಆ ಮನೆಗಳಿಗೆ ಪರಿಚಿತರಾಗಿದ್ದವರು ಪುರಾಣದ ಬಸವಣ್ಣನವರು. ನಂದಿಯ ಅವತಾರವಾಗಿ ಧರೆಗಿಳಿದು, ಪವಾಡಗಳನ್ನು ಮೆರೆದು, ಲಿಂಗೈಕ್ಯರಾದ ಮಹಾಮಹಿಮರು. ಅವರು ತಮ್ಮ ಬಾಯಿಂದ ಆಡಿದ ವಚನಗಳು ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟುಗಳಲ್ಲಿ ಮಲಗಿದ್ದವು. ಆ ಕಟ್ಟುಗಳಿಗೆ ವಿಭೂತಿ, ಪತ್ರೆ, ಹೂವುಗಳು ಸಲ್ಲುತ್ತಿದ್ದವು. ಅವುಗಳನ್ನು ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ಪೂಜೆಗೊಳ್ಳುತ್ತಿದ್ದ ಆ ಕಟ್ಟುಗಳನ್ನು ಬಿಚ್ಚಿ, ಒಳಗಿನ ಮಾತನ್ನು ನಾಡಿನ ಕಿವಿಗೆ ಮುಟ್ಟಿಸುವುದರಲ್ಲಿ ತಮ್ಮ ಆಯುಷ್ಯವನ್ನೂ ಗಳಿಕೆಯನ್ನೂ ಸವೆಸಿದ ಮಹನೀಯರೇ ವಚನ ಪಿತಾಮಹರೆಂದು ಪ್ರಖ್ಯಾತರಾದ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಅಧ್ಯಾಪಕರು, ಬರವಣಿಗೆಯಲ್ಲಿಯೂ ಆಸಕ್ತರು. ತಾಯಿ ದಾನಾದೇವಿಯವರು. ಫಕೀರಪ್ಪ ಎಂಬ ಹೆಸರು ಆ ಸೀಮೆಯ ಜನರಿಗೆ ಶಿರಹಟ್ಟಿಯ ಫಕೀರೇಶ್ವರರ ಪರಂಪರೆಯನ್ನು ನೆನಪಿಗೆ ತರುವಂಥದು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕನು ಅಜ್ಜಿಯ ಆರೈಕೆಯಲ್ಲಿ ಬೆಳೆದನು. ಪುಸ್ತಕ ಲೇಖನಿಗಳ ನಡುವೆ ಬೆಳೆದುದರಿಂದ ವಿದ್ಯೆಯಲ್ಲಿ ಶ್ರದ್ಧೆಯೂ, ಅಜ್ಜಿಯ ಮಡಿಲಲ್ಲಿ ಬೆಳೆದುದರಿಂದ ಶರಣರ ಕಥೆಗಳಲ್ಲಿ ಭಕ್ತಿಯೂ ಅವನಲ್ಲಿ ಏಕಕಾಲಕ್ಕೆ ಬೇರೂರಿದುದು ಸಹಜವೇ. ಮುಂದೆ ಅವರು ಮಾಡಿದ ಕಾರ್ಯದಲ್ಲಿ ಇವೆರಡೂ ಕೊನೆಯವರೆಗೆ ಒಂದನ್ನೊಂದು ಬಿಟ್ಟುಹೋಗಲಿಲ್ಲ.

ಧಾರವಾಡದ ಶಿಕ್ಷಣವನ್ನು ಮುಗಿಸಿ ಅವರು ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಆ ಮಹಾನಗರದಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ಭಾಷೆ, ಇತಿಹಾಸಗಳ ವಿಷಯದಲ್ಲಿ ತೋರುತ್ತಿದ್ದ ಅಭಿಮಾನವು ಕನ್ನಡದ ತರುಣರ ಕಣ್ಣನ್ನು ತೆರೆಯಿಸಿತು. ಕರ್ನಾಟಕ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರು ಇವರ ಸಮವಯಸ್ಕರು. ಇಬ್ಬರೂ ಹುಟ್ಟಿದುದು 1880ರಲ್ಲಿ, ಇಬ್ಬರೂ ಕಾಲವಾದುದು 1964ರಲ್ಲಿ. ಆಲೂರರು ಸಾಮ್ರಾಜ್ಯಗಳ ಗತವೈಭವವನ್ನು ನಾಡಿಗೆ ನೆನಪಿಸಿ 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಹೊರತಂದರು. ಹಳಕಟ್ಟಿಯವರು ಅರಸರ ಶಾಸನಗಳಲ್ಲಿ ಹೆಸರು ಕಾಣದ ಅಂಬಿಗ, ಮಾದಾರ, ತುರುಗಾಹಿ, ಹಗ್ಗ ಹೊಸೆಯುವವರ ವಾಣಿಯನ್ನು ಹುಡುಕಿ ಹೊರಟರು. ಒಂದೇ ಕಾಲದಲ್ಲಿ ಒಂದೇ ನಾಡಿನ ಎರಡು ಮರೆತ ಇತಿಹಾಸಗಳು ಈ ಇಬ್ಬರ ಕೈಯಲ್ಲಿ ಬೆಳಕು ಕಂಡವು.

1904ರಲ್ಲಿ ಕಾನೂನು ಪದವಿಯನ್ನು ಪಡೆದ ಹಳಕಟ್ಟಿಯವರು ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಕೆಲಕಾಲದಲ್ಲಿಯೇ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂದು ನೆಲೆಸಿದರು. ಅಲ್ಲಿ ಅವರಿಗೆ ಕೀರ್ತಿಯೂ ದೊರೆಯಿತು, ಕಕ್ಷಿಗಾರರೂ ದೊರೆತರು. ಈ ವೃತ್ತಿಯೊಂದನ್ನೇ ನೆಚ್ಚಿ ನಡೆದಿದ್ದರೆ ಅವರು ಸಿರಿವಂತರಾಗಿ ಬಾಳಬಹುದಾಗಿತ್ತು. ಆದರೆ ವೃತ್ತಿಯ ಆರಂಭದ ವರ್ಷಗಳಲ್ಲಿಯೇ ವಚನಗಳ ಹಸ್ತಪ್ರತಿಗಳು ಅವರ ಕಣ್ಣಿಗೆ ಬಿದ್ದವು. ಕೇಳಿ ಬಲ್ಲ ಶರಣರಿಗೂ ಆ ಗರಿಗಳಲ್ಲಿ ಮಾತನಾಡುತ್ತಿದ್ದ ಶರಣರಿಗೂ ಇರುವ ಅಂತರವು ಅವರ ಮನಸ್ಸನ್ನು ಹಿಡಿದು ನಿಲ್ಲಿಸಿತು. ನ್ಯಾಯಾಲಯದಲ್ಲಿ ಸಾಕ್ಷಿಯ ಬೆಲೆಯನ್ನು ದಿನವೂ ಅಳೆಯುವ ವಕೀಲರಿಗೆ, ಕಂಡವನ ಮಾತಿಗೂ ಕೇಳಿದವನ ಮಾತಿಗೂ ಇರುವ ಭೇದವನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಆ ಕಾಲದಲ್ಲಿ ಶರಣರ ಚರಿತ್ರೆ ಯಾವ ಆಧಾರಗಳ ಮೇಲೆ ನಿಂತಿತ್ತೆಂಬುದನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಕಲ್ಯಾಣದಲ್ಲಿ ಬಿಜ್ಜಳನ ಆಳಿಕೆಯು ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕೊನೆಗಂಡಿತು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದುದು ಹದಿಮೂರನೆಯ ಶತಮಾನದಲ್ಲಿ. ಭೀಮಕವಿಯು ಅದನ್ನು ಕನ್ನಡಕ್ಕೆ ತಂದುದು 1369ರಲ್ಲಿ. ಚಾಮರಸನ ಪ್ರಭುಲಿಂಗಲೀಲೆ ಹದಿನೈದನೆಯ ಶತಮಾನದ್ದು. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವು 1584ಕ್ಕೆ ಸೇರಿದುದು. ಹೀಗೆ ಜನರ ನಾಲಗೆಯ ಮೇಲೆ ಉಳಿದ ಕಥೆಗಳೆಲ್ಲ ಶರಣರ ಕಾಲದಿಂದ ಎರಡು, ಮೂರು, ನಾಲ್ಕು ಶತಮಾನಗಳಷ್ಟು ಈಚಿನವು. ಅತ್ತ ಬಿಜ್ಜಳನನ್ನು ಕುರಿತು ಜೈನ ಪರಂಪರೆಯಲ್ಲಿ ಹುಟ್ಟಿದ ಕಾವ್ಯವು ಅದೇ ಘಟನೆಗಳನ್ನು ಬೇರೆಯೇ ಬಣ್ಣದಲ್ಲಿ ಚಿತ್ರಿಸಿತು. ಒಂದು ಕಡೆಯವರಿಗೆ ನಾಯಕನಾದವನು ಮತ್ತೊಂದು ಕಡೆಯವರಿಗೆ ಪ್ರತಿನಾಯಕನಾದನು.

ಪುರಾಣಗಳ ಪವಾಡವನ್ನು ಕಂಡು ಆಧುನಿಕ ವಿದ್ವಾಂಸರು ಇನ್ನೊಂದು ಕೊನೆಗೆ ಸರಿದರು. ಮುಂಬಯಿ ಕರ್ನಾಟಕದ ಶಾಸನಗಳನ್ನು ಅಪಾರ ಶ್ರಮದಿಂದ ಸಂಪಾದಿಸಿದ ಜೆ. ಎಫ್. ಫ್ಲೀಟರು, ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಕಂಡು, ಬಸವಣ್ಣನವರ ವಿಷಯದಲ್ಲಿ ಅಂತಹ ಸಮಕಾಲೀನ ಶಿಲಾಶಾಸನವನ್ನು ಕಾಣದೆ, ಧರ್ಮದ ಅಭ್ಯುದಯಕ್ಕೆ ಮುಖ್ಯ ಕಾರಣಪುರುಷನು ರಾಮಯ್ಯನೇ ಇರಬೇಕೆಂಬ ಅಭಿಪ್ರಾಯಕ್ಕೆ ವಾಲಿದರು. ಹೀಗಾಗಿ ಭಕ್ತನು ಕಥೆಯನ್ನೆಲ್ಲ ನಂಬಿ ಕುಳಿತನು. ವಿದ್ವಾಂಸನು ಕಥೆಯ ಜೊತೆಗೆ ಕಥಾಪುರುಷನನ್ನೇ ಸಂದೇಹಿಸಿದನು. ಶರಣರ ಸ್ವಂತ ಮಾತನ್ನು ಸಾಕ್ಷಿಯಾಗಿ ಕರೆಯಬೇಕೆಂಬ ವಿಚಾರ ಇಬ್ಬರಿಗೂ ಹೊಳೆಯಲಿಲ್ಲ. ಮುಂದೆ ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿ ದೊರೆತ 1260ರ ಶಾಸನದಲ್ಲಿ ಸಂಗನ ಬಸವನ ಹೆಸರು ಕಾಣಿಸಿಕೊಂಡು ಸಂದೇಹದ ಮೋಡ ಬಹಳಷ್ಟು ಚೆದುರಿತು. ಆದರೆ ಶಾಸನವು ಹೆಸರನ್ನೂ ಮನೆತನವನ್ನೂ ಹೇಳಬಲ್ಲುದು, ಮನಸ್ಸನ್ನು ತೋರಿಸಲಾರದು. ಮನಸ್ಸನ್ನು ತೋರಿಸುವ ಶಕ್ತಿ ವಚನಗಳಿಗೆ ಮಾತ್ರ ಇದ್ದಿತು.

ವಚನಗಳು ಅಲ್ಲಿಯವರೆಗೆ ಅಚ್ಚನ್ನು ಕಾಣಲೇ ಇಲ್ಲವೆಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಕೆಲವು ವಚನಕಾರರ ಕೃತಿಗಳು ಅಲ್ಲಲ್ಲಿ ಪ್ರಕಟವಾಗಿದ್ದವು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವು 1907ರಲ್ಲಿ ಹೊರಬಂದು, ಕೆಲವು ವಚನಕಾರರ ಹೆಸರುಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿತ್ತು. ಆದರೂ ಅವರೆಲ್ಲರನ್ನೂ ಒಂದೆಡೆ ಕೂಡಿಸಿ, ಇದೊಂದು ಮಹಾಸಾಹಿತ್ಯವೆಂದು ತೋರಿಸಿಕೊಟ್ಟವರು ಇರಲಿಲ್ಲ. ಹಳಕಟ್ಟಿಯವರ ಶೋಧಕ್ಕೆ ಮುಂಚೆ ಸುಮಾರು 50 ವಚನಕಾರರು ಮಾತ್ರ ಪರಿಚಿತರಾಗಿದ್ದು, ಅವರ ಪರಿಶ್ರಮದಿಂದ ಆ ಸಂಖ್ಯೆ 200ನ್ನು ಮೀರಿತೆಂದು ಗಣಿಸುವುದುಂಟು.

ಈ ಶೋಧದ ಕಾರ್ಯ ಎಂತಹುದೆಂಬುದನ್ನು ಓಲೆಗರಿಯನ್ನು ಕೈಯಲ್ಲಿ ಹಿಡಿದವರೇ ಬಲ್ಲರು. ಮೊದಲು ಪ್ರತಿ ಇರುವ ಮನೆಯನ್ನು ತಿಳಿಯಬೇಕು. ತಿಳಿದ ಮೇಲೆ ಮನೆಯವರ ವಿಶ್ವಾಸವನ್ನು ಗಳಿಸಬೇಕು. ಪೂಜೆಯ ವಸ್ತುವನ್ನು ಹೊಸಬರ ಕೈಗೆ ಯಾರು ತಾನೆ ಕೊಟ್ಟಾರು? ಕೊಟ್ಟರೂ ಗರಿಗಳು ಹುಳು ಹಿಡಿದು, ಅಂಚು ಮುರಿದು, ದಾರ ಹರಿದು, ಹಿಂದುಮುಂದಾಗಿರುತ್ತವೆ. ಅಕ್ಷರಗಳು ಮಸಕಾಗಿದ್ದರೆ ಮಸಿಯನ್ನು ಸವರಿ ಒರೆಸಿ ಬೆಳಕಿಗೆ ಹಿಡಿದು ಓದಬೇಕು. ಪದಪದಗಳ ನಡುವೆ ತೆರಪಿಲ್ಲ, ಸಾಲು ಮುಗಿದ ಗುರುತಿಲ್ಲ. ಒಬ್ಬ ಪ್ರತಿಕಾರನು ಕೈಬಿಟ್ಟುದನ್ನು ಮತ್ತೊಬ್ಬನು ಉಳಿಸಿಕೊಂಡಿರುತ್ತಾನೆ. ಒಬ್ಬನು ತಿಳಿಯದೆ ತಿದ್ದಿದುದನ್ನು ಇನ್ನೊಬ್ಬನು ಹಾಗೆಯೇ ನಕಲು ಮಾಡಿರುತ್ತಾನೆ. ಕಡೆಯಲ್ಲಿ ಬರುವ ಅಂಕಿತವನ್ನು ಹಿಡಿದು ವಚನವು ಯಾರದೆಂದು ನಿರ್ಣಯಿಸಬೇಕು. ವಕೀಲಿಯ ಕಾಗದಪತ್ರಗಳ ಕೆಲಸ ಮುಗಿದ ಮೇಲೆ ಉಳಿಯುತ್ತಿದ್ದ ಹೊತ್ತಿನಲ್ಲಿ, ದಿನದಿಂದ ದಿನಕ್ಕೆ, ವರ್ಷದಿಂದ ವರ್ಷಕ್ಕೆ ಹಳಕಟ್ಟಿಯವರು ಈ ಕೆಲಸವನ್ನು ನಡೆಸಿದರು. ಊರಿಂದೂರಿಗೆ ಅಲೆದು, ಮಠಗಳಲ್ಲಿ ವಿನಂತಿಸಿಕೊಂಡು, ಗೃಹಸ್ಥರ ಮನೆಯ ಕಟ್ಟೆಯ ಮೇಲೆ ಕಾದು ಕುಳಿತು ಅವರು ಪ್ರತಿಗಳನ್ನು ಕೂಡಿಸಿದರು.

ಬಹುವರ್ಷಗಳ ಈ ತಪಸ್ಸಿನ ಮೊದಲ ಫಲವೇ 'ವಚನಶಾಸ್ತ್ರಸಾರ'ದ ಪ್ರಥಮ ಭಾಗ. ಅದರ ಮುದ್ರಣಕ್ಕೆ ಸಂಬಂಧಿಸಿದ ಪ್ರಸಂಗವೊಂದು ನಾಡಿನಲ್ಲೆಲ್ಲ ಪ್ರಚಲಿತವಾಗಿದೆ. ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದ್ದು, ಅದು ಅಚ್ಚಾಗದೆ ಮರಳಿ ಬಂದಿತು. ಇಂತಹ ಉನ್ನತ ತತ್ತ್ವಗಳು ಈ ನೆಲದಲ್ಲಿಯೇ ಇದ್ದುವೆಂದು ಜನರಿಗೆ ತಿಳಿದರೆ ಮತಪ್ರಚಾರಕ್ಕೆ ಅಡ್ಡಿಯಾದೀತೆಂದು ಅಲ್ಲಿಯವರು ಅಂಜಿದರೆಂಬುದು ಜನಜನಿತವಾದ ವಿವರಣೆ. ಹಸ್ತಪ್ರತಿ ಮರಳಿದ ಸಂಗತಿ ಬೇರೆ, ಅದಕ್ಕೆ ಜನರು ಕೊಡುವ ಕಾರಣ ಬೇರೆ. ಶರಣರ ಚರಿತ್ರೆಯಲ್ಲಿ ಕಥೆಯನ್ನೂ ಸಾಕ್ಷ್ಯವನ್ನೂ ವಿಂಗಡಿಸಲು ಹೆಣಗಿದವರ ಜೀವನವನ್ನು ಹೇಳುವಾಗಲಾದರೂ ಈ ವಿಂಗಡಣೆಯನ್ನು ಕೈಬಿಡಲಾಗದು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಚೆನ್ನಪ್ಪ ಉತ್ತಂಗಿಯವರೇ 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಕೊಟ್ಟರು. ಮುಂದೆ ಅನುಭವಮಂಟಪದ ಐತಿಹಾಸಿಕತೆಯನ್ನು ಪರಿಶೀಲಿಸಿ ಗ್ರಂಥವನ್ನು ಬರೆದರು. ಈ ಸಂಗತಿಯನ್ನೂ ಅದೇ ಕಥೆಯ ಪಕ್ಕದಲ್ಲಿ ಇರಿಸಿ ನೋಡಿದರೆ ಆ ಕಾಲದ ಚಿತ್ರ ಪೂರ್ಣವಾಗುತ್ತದೆ. ವಚನಶಾಸ್ತ್ರಸಾರವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು.

ಒಂದು ಗ್ರಂಥವನ್ನು ಹೊರತರುವುದರಲ್ಲಿ ಪಟ್ಟ ಪಾಡು ಅವರಿಗೆ ಪಾಠವನ್ನು ಕಲಿಸಿತು. ಪರರ ಮುದ್ರಣಾಲಯವನ್ನು ನೆಚ್ಚಿಕೊಂಡರೆ ಈ ಸಾಹಿತ್ಯವೆಲ್ಲ ಒಂದು ಜನ್ಮದಲ್ಲಿ ಹೊರಬರಲಾರದೆಂದು ಬಗೆದು, 1925ರಲ್ಲಿ ಅವರು ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಲೌಕಿಕರ ದೃಷ್ಟಿಯಲ್ಲಿ ಇದು ನಷ್ಟದ ವ್ಯಾಪಾರವೇ ಸರಿ. ಸಂಪಾದಿಸುವವರು ಬಾಡಿಗೆಯ ಮನೆಯಲ್ಲಿ, ಓಲೆಗರಿಯಲ್ಲಿದ್ದ ಶರಣರು ಅಚ್ಚಿನ ಮನೆಯಲ್ಲಿ ಎಂಬಂತಾಯಿತು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನೂ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯನ್ನೂ ಅವರು ಪ್ರಾರಂಭಿಸಿದರು. ಶಿವಾನುಭವವು ತ್ರೈಮಾಸಿಕವಾಗಿ ಆರಂಭವಾಗಿ, ಮುಂದೆ ಮಾಸಿಕವಾಗಿ, ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಚಂದಾದಾರರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿಯೂ ಅದನ್ನು ನಿಲ್ಲಿಸುವ ಮಾತನ್ನು ಅವರು ಆಡಲಿಲ್ಲ. ವಕೀಲಿಯ ಗಳಿಕೆ ಮೊಳೆ ಜೋಡಿಸುವವರ ಸಂಬಳಕ್ಕೂ ಕಾಗದದ ಬೆಲೆಗೂ ಹರಿದುಹೋಯಿತು.

ಹೀಗೆ ಹೊರಬಂದ ಸಾಹಿತ್ಯವು ಶರಣರ ಇತಿಹಾಸವನ್ನು ಕುರಿತ ತಿಳಿವಳಿಕೆಯನ್ನು ಮೂರು ಬಗೆಯಲ್ಲಿ ಮಾರ್ಪಡಿಸಿತು. ಮೊದಲನೆಯದಾಗಿ, ಕಥೆಯಲ್ಲಿ ಉಪಪಾತ್ರಗಳಾಗಿದ್ದವರು ಸ್ವತಃ ಮಾತನಾಡತೊಡಗಿದರು. ಪುರಾಣಗಳಲ್ಲಿ ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ ಮೊದಲಾದವರು ಒಂದೊಂದು ಪ್ರಸಂಗದ ಮಟ್ಟಿಗೆ ಬಂದು, ಒಂದು ಮಹಿಮೆಯನ್ನು ತೋರಿ, ಮರೆಗೆ ಸರಿಯುತ್ತಾರೆ. ವಚನಗಳಲ್ಲಿಯಾದರೋ ಅವರು ತಮ್ಮ ಕಾಯಕದ ಉಪಕರಣಗಳನ್ನೇ ತತ್ತ್ವದ ಭಾಷೆಯಾಗಿ ಮಾಡಿಕೊಂಡು, ಹಿರಿಯರನ್ನು ಪ್ರಶ್ನಿಸಿ, ತಮ್ಮ ಅನುಭವವನ್ನು ತಾವೇ ನಿರೂಪಿಸಿಕೊಳ್ಳುತ್ತಾರೆ. ಪತಿಯ ಕಾಯಕದಲ್ಲಿ ಆಸೆ ಇಣುಕಿದುದನ್ನು ಕಂಡು ಎಚ್ಚರಿಸುವ ಆಯ್ದಕ್ಕಿ ಲಕ್ಕಮ್ಮನ ದನಿಯನ್ನು ಯಾವ ಪವಾಡದ ಕಥೆಯೂ ಅಷ್ಟು ಸ್ಪಷ್ಟವಾಗಿ ಕೇಳಿಸಲಾರದು. ಮೂವತ್ತಕ್ಕೂ ಮಿಗಿಲಾದ ಶರಣೆಯರು ವಚನಗಳನ್ನು ರಚಿಸಿದ್ದರೆಂಬ ಸಂಗತಿ ಇಂದು ಶಾಲೆಯ ಮಕ್ಕಳಿಗೂ ತಿಳಿದಿದೆ. ನೂರು ವರ್ಷಗಳ ಹಿಂದೆ ಅದು ಪಂಡಿತರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ.

ಎರಡನೆಯದಾಗಿ, ಕಥೆಗಳಲ್ಲಿಯೇ ಹಳೆಯದಾವುದು, ಹೊಸದಾವುದು ಎಂದು ತೂಗಿ ನೋಡುವ ಅವಕಾಶ ದೊರೆಯಿತು. ಶರಣರ ಕಾಲಕ್ಕೆ ಬಹು ಸಮೀಪದವನಾದ ಹರಿಹರನ ಅನೇಕ ರಗಳೆಗಳನ್ನು ಹಳಕಟ್ಟಿಯವರು ಪ್ರಕಟಿಸಿದರು. ಬಸವಪುರಾಣದ ಬಸವಣ್ಣನವರು ಎಂಟನೆಯ ವಯಸ್ಸಿನಲ್ಲಿಯೇ ಉಪನಯನವನ್ನು ಒಲ್ಲದೆ ತಂದೆಯೊಡನೆ ವಾದಿಸಿ ಮನೆ ಬಿಡುತ್ತಾರೆ. ಹರಿಹರನ ಬಸವಣ್ಣನವರಾದರೋ ತಂದೆತಾಯಿಗಳನ್ನು ಎಳವೆಯಲ್ಲಿಯೇ ಕಳೆದುಕೊಂಡು ಮುತ್ತವ್ವೆಯ ಆಶ್ರಯದಲ್ಲಿ ಬೆಳೆದು, ಉಪನಯನವಾಗಿ ಕಾಲ ಕಳೆದ ಮೇಲೆ ಹದಿಹರೆಯದಲ್ಲಿ ಜನಿವಾರವನ್ನು ತ್ಯಜಿಸಿ ಕೂಡಲಸಂಗಮಕ್ಕೆ ನಡೆಯುತ್ತಾರೆ. ಒಂದು ಕಥೆಯಲ್ಲಿ ಅವತಾರಪುರುಷನ ಹುಟ್ಟುಜ್ಞಾನ. ಇನ್ನೊಂದರಲ್ಲಿ ಬದುಕಿನ ಒಳಗಿದ್ದೇ ಬದುಕನ್ನು ಪರೀಕ್ಷಿಸಿ ಹೊರಬಂದ ತರುಣನ ನಿರ್ಧಾರ. ಮನೆಮನೆಯಲ್ಲಿ ಉಳಿದುದು ಮೊದಲನೆಯದು. ಕಾಲದಲ್ಲಿ ಹಳೆಯದು ಎರಡನೆಯದು. ತಾಯಿಯನ್ನು ಕಳೆದುಕೊಂಡು ಅಜ್ಜಿಯ ಬಳಿ ಬೆಳೆದ ಸಂಪಾದಕರು ಹರಿಹರನ ಈ ಭಾಗವನ್ನು ಓದಿದಾಗ ಅವರ ಮನಸ್ಸಿನಲ್ಲಿ ಮೂಡಿದ ಭಾವವನ್ನು ಓದುಗರು ಊಹಿಸಿಕೊಳ್ಳಬಹುದು.

ಅಲ್ಲಮಪ್ರಭುಗಳ ಚರಿತ್ರೆಯಲ್ಲಿಯೂ ಇಂತಹದೇ ಭೇದವುಂಟು. ಹರಿಹರನ ಪ್ರಕಾರ ಅಲ್ಲಮನು ಕಾಮಲತೆಯನ್ನು ಒಲಿದು ಕೂಡಿ, ಅವಳ ಮರಣದಿಂದ ಬುದ್ಧಿಗೆಟ್ಟು ಅಲೆಯುತ್ತ, ನೆಲದಡಿಯ ಗುಹೆಯಲ್ಲಿ ಅನಿಮಿಷಯ್ಯನನ್ನು ಕಂಡು ಬೇರೊಂದು ಜನ್ಮವನ್ನೇ ಪಡೆಯುತ್ತಾನೆ. ಚಾಮರಸನ ಪ್ರಕಾರ ಮಾಯೆಯೇ ಹೆಣ್ಣಾಗಿ ಬಂದರೂ ಅಲ್ಲಮನು ಅವಳ ಕೈಗೆ ಸಿಕ್ಕಲಿಲ್ಲ. ಅಕ್ಕಮಹಾದೇವಿಯು ಕೌಶಿಕನನ್ನು ಷರತ್ತುಗಳ ಮೇಲೆ ವರಿಸಿದಳೆಂದು ಹರಿಹರನು ಹೇಳಿದರೆ, ವಿವಾಹವೇ ನಡೆಯಲಿಲ್ಲವೆಂದು ಚಾಮರಸನು ಹೇಳುತ್ತಾನೆ. ಮಹಾತ್ಮರಿಗೆ ಲೌಕಿಕದ ಸೋಂಕು ತಗುಲಬಾರದೆಂಬ ಭಕ್ತಿಯು ಕಾಲಕ್ರಮದಲ್ಲಿ ಕಥೆಯನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಇವು ನಿದರ್ಶನಗಳು. ಪ್ರಭುಲಿಂಗಲೀಲೆಯ ಕಾವ್ಯಗುಣಕ್ಕೆ ಇದರಿಂದ ಕುಂದಿಲ್ಲ. ಹದಿನೈದನೆಯ ಶತಮಾನದ ಭಕ್ತರು ಅಲ್ಲಮನನ್ನು ಹೇಗೆ ಕಾಣಬಯಸಿದರೆಂಬುದಕ್ಕೆ ಅದು ನಿಜವಾದ ಸಾಕ್ಷಿಯೇ ಆಗಿದೆ. ಕಥೆಯನ್ನು ಅದು ಹುಟ್ಟಿದ ಕಾಲದ ಸಾಕ್ಷಿಯಾಗಿ ಓದುವ ಈ ವಿವೇಕವು, ಹಳೆಯ ಕಥೆಯೂ ಹೊಸ ಕಥೆಯೂ ಒಂದೇ ಮೇಜಿನ ಮೇಲೆ ಅಚ್ಚಾಗಿ ಬಂದು ಕುಳಿತಾಗ ಮಾತ್ರ ಸಾಧ್ಯವಾಯಿತು.

ಮೂರನೆಯದಾಗಿ, ವಚನಗಳು ಶಾಸ್ತ್ರವೆಂಬ ಮನ್ನಣೆಯನ್ನು ಪಡೆದವು. ಗ್ರಂಥಕ್ಕೆ ವಚನಶಾಸ್ತ್ರವೆಂಬ ಹೆಸರನ್ನು ಇಟ್ಟುದರಲ್ಲಿಯೇ ಹಳಕಟ್ಟಿಯವರ ನಿಲುವು ಅಡಗಿದೆ. ಸಂಸ್ಕೃತದಲ್ಲಿ ಬರೆದುದಕ್ಕೆ ಮಾತ್ರ ಶಾಸ್ತ್ರವೆಂಬ ಗೌರವ ಸಲ್ಲುತ್ತಿದ್ದ ಕಾಲದಲ್ಲಿ, ಕನ್ನಡದ ಕಾಯಕಜೀವಿಗಳ ಮಾತಿಗೆ ಆ ಪದವಿಯನ್ನು ಕೊಟ್ಟುದು ಸಾಹಸವೇ ಆಗಿತ್ತು. ಆದರೆ ಹೆಸರಿಗೂ ಒಂದು ಬಲವಿದೆ. ಅದು ಓದುವ ದಾರಿಯನ್ನು ಮೊದಲೇ ಗೊತ್ತುಮಾಡುತ್ತದೆ. ವಚನಗಳನ್ನು ವಿಷಯಾನುಸಾರವಾಗಿ, ತತ್ತ್ವದ ಕ್ರಮದಲ್ಲಿ ಅವರು ಜೋಡಿಸಿದುದರಿಂದ ಸಿದ್ಧಾಂತದ ಸ್ವರೂಪವು ಎದ್ದು ಕಂಡಿತು. ಒಬ್ಬೊಬ್ಬ ವಚನಕಾರನ ವ್ಯಕ್ತಿತ್ವದ ರೇಖೆ ಆ ಜೋಡಣೆಯಲ್ಲಿ ಕೊಂಚ ಮಸಕಾಯಿತು. ಪಾಠಾಂತರಗಳ ವಿಷಯದಲ್ಲಿ ಇಂದಿನ ಗ್ರಂಥಸಂಪಾದನ ಶಾಸ್ತ್ರವು ಬಯಸುವ ಎಲ್ಲ ಕಟ್ಟುನಿಟ್ಟನ್ನೂ ಅವರ ಆವೃತ್ತಿಗಳಲ್ಲಿ ಕಾಣಲಾಗದು. ಕೈಯಲ್ಲಿ ನೂರಾರು ಕಟ್ಟುಗಳು, ಮುಂದೆ ಒಂದೇ ಆಯುಷ್ಯ. ಮೊದಲು ಉಳಿಸಬೇಕು, ತಿದ್ದುವವರು ಮುಂದೆ ಬಂದಾರು ಎಂಬ ತ್ವರೆಯೇ ಅವರ ಬರವಣಿಗೆಯಲ್ಲೆಲ್ಲ ಎದ್ದು ಕಾಣುತ್ತದೆ.

ತಿದ್ದುವವರು ಬಂದರು. ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಲ್. ಬಸವರಾಜು ಮೊದಲಾದ ವಿದ್ವಾಂಸರು ವಚನಕಾರರ ಕೃತಿಗಳನ್ನು ಹೆಚ್ಚಿನ ಪ್ರತಿಗಳ ಆಧಾರದಿಂದ ಮರುಸಂಪಾದಿಸಿದರು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ವಿಜಾಪುರದ ಒಂದು ಮನೆಯ ಮಾರಾಟದಿಂದ ಆರಂಭವಾದ ಕಾರ್ಯವನ್ನು ಎಪ್ಪತ್ತು ವರ್ಷಗಳ ತರುವಾಯ ಒಂದು ಸರ್ಕಾರವೇ ಕೈಗೆತ್ತಿಕೊಂಡಿತು.

ಹಳಕಟ್ಟಿಯವರು ಗ್ರಂಥಗಳ ನಡುವೆಯೇ ಮುಳುಗಿದ್ದು ಲೋಕವನ್ನು ಮರೆತವರಲ್ಲ. ವಚನಗಳಲ್ಲಿ ಓದಿದ ದಾಸೋಹ ತತ್ತ್ವವನ್ನು ಅವರು ಊರಿನ ಬೀದಿಯಲ್ಲಿ ಪ್ರಯೋಗಿಸಿ ನೋಡಿದರು. ಲಿಂಗಾಯತ ಸಮಾಜದ ಬಡಮಕ್ಕಳಿಗೆ ವಿದ್ಯೆ ದೊರೆಯಲೆಂದು 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಸಾಲದ ಶೂಲಕ್ಕೆ ಸಿಕ್ಕಿದ ರೈತ ವ್ಯಾಪಾರಿಗಳ ನೆರವಿಗೆ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಬರಗಾಲದ ಸೀಮೆಯಾದ ವಿಜಾಪುರದ ನಗರಸಭೆಯಲ್ಲಿದ್ದು ಕುಡಿಯುವ ನೀರಿಗಾಗಿ ದುಡಿದರು. ಭೂತನಾಳ ಕೆರೆಯ ಮಾತು ಬಂದಾಗ ಅವರ ಹೆಸರು ತಾನಾಗಿಯೇ ಬರುತ್ತದೆ. ಮುಂಬಯಿ ಶಾಸನಸಭೆಯ ಸದಸ್ಯರಾಗಿಯೂ, ಕರ್ನಾಟಕ ಏಕೀಕರಣದ ಬೆಂಬಲಿಗರಾಗಿಯೂ ಅವರು ಶ್ರಮಿಸಿದರು. ಶಾಲೆ, ಬ್ಯಾಂಕು, ಕೆರೆ, ಮುದ್ರಣಾಲಯ ಎಂಬ ಈ ನಾಲ್ಕನ್ನು ಬೇರೆ ಬೇರೆಯಾಗಿ ಎಣಿಸುವುದು ವಾಡಿಕೆ. ಅವರ ಮಟ್ಟಿಗೆ ಇವು ಒಂದೇ ವ್ರತದ ಅಂಗಗಳು. ಓದಬಲ್ಲವರು ಇಲ್ಲದೆ ಅಚ್ಚಾದ ವಚನವು ಮತ್ತೆ ಓಲೆಗರಿಯ ಗತಿಯನ್ನೇ ಹೊಂದುತ್ತದೆ. ಹೊಟ್ಟೆಗೂ ನೀರಿಗೂ ಪರದಾಡುವವರು ಓದುವುದೆಂತು?

ನಾಡು ಅವರನ್ನು ಗುರುತಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅಂದಿನ ಸರ್ಕಾರವು ರಾವಬಹಾದ್ದೂರ ಬಿರುದನ್ನು ನೀಡಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಸನ್ಮಾನಿಸಿತು. ಆದರೆ ಸನ್ಮಾನದ ಶಾಲುಗಳು ಮುದ್ರಣಾಲಯದ ಸಾಲವನ್ನು ತೀರಿಸಲಿಲ್ಲ. ವೃದ್ಧಾಪ್ಯದಲ್ಲಿ ಅವರು ಬಡತನವನ್ನು ಕಂಡರು. 1964ರ ಜೂನ್ ತಿಂಗಳಲ್ಲಿ, ಎಂಬತ್ತನಾಲ್ಕನೆಯ ಹುಟ್ಟುಹಬ್ಬದ ಹೊಸ್ತಿಲಿನಲ್ಲಿ, ಅವರು ಲಿಂಗೈಕ್ಯರಾದರು. ಅವರು ಬೀಜ ಬಿತ್ತಿದ ವಿದ್ಯಾಸಂಸ್ಥೆ ಇಂದು ಮಹಾವೃಕ್ಷವಾಗಿ ಬೆಳೆದಿದೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೂ ಇಂಜಿನಿಯರಿಂಗ್ ಕಾಲೇಜೂ ಇವೆ. ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತಿದೆ.

ಇಂದು ಹಳಕಟ್ಟಿಯವರೂ ಒಂದು ಕಥೆಯಾಗಿದ್ದಾರೆ. ಹರಿದ ಕೋಟು, ತುಳಿದು ತುಳಿದು ಸವೆದ ಸೈಕಲ್ಲು, ಮಾರಿದ ಮನೆ ಎಂಬ ಮೂರು ಚಿತ್ರಗಳಲ್ಲಿ ಭಾಷಣಕಾರರು ಅವರನ್ನು ವರ್ಷಕ್ಕೊಮ್ಮೆ ನೆನೆದು ಮುಗಿಸುತ್ತಾರೆ. ಈ ಚಿತ್ರಗಳು ಹೃದಯವನ್ನು ಕರಗಿಸುವುದು ನಿಜ. ಆದರೆ ಬಸವಣ್ಣನವರನ್ನು ಪವಾಡದಲ್ಲಿಯೇ ನಿಲ್ಲಿಸಿ ವಚನವನ್ನು ಮರೆತಂತೆ, ಹಳಕಟ್ಟಿಯವರನ್ನು ಬಡತನದಲ್ಲಿಯೇ ನಿಲ್ಲಿಸಿ ಅವರ ಬರಹವನ್ನು ಮರೆಯುವ ಅಪಾಯ ಈಗ ಬಂದೊದಗಿದೆ. 15 ಸಂಪುಟಗಳಲ್ಲಿ ಪ್ರಕಟವಾಗಿರುವ ಅವರ ಸಮಗ್ರ ಸಾಹಿತ್ಯವು ಎಷ್ಟು ಗ್ರಂಥಾಲಯಗಳಲ್ಲಿ ಪುಟ ತೆರೆಯಿಸಿಕೊಂಡಿದೆ, ಎಷ್ಟರಲ್ಲಿ ಹೂಮಾಲೆಯನ್ನು ಮಾತ್ರ ಪಡೆಯುತ್ತಿದೆ ಎಂಬುದನ್ನು ಆಯಾ ಸಂಸ್ಥೆಯವರು ತಮ್ಮೊಳಗೇ ಕೇಳಿಕೊಳ್ಳಬೇಕಾಗಿದೆ.

ಕಥೆಯನ್ನು ಕಳೆದುಕೊಳ್ಳಬೇಕೆಂದು ಹಳಕಟ್ಟಿಯವರು ಎಂದೂ ಬಗೆಯಲಿಲ್ಲ. ವಚನಗಳನ್ನು ಪ್ರಕಟಿಸಿದ ಕೈಯಿಂದಲೇ ಅವರು ಶಿವಶರಣರ ಚರಿತ್ರೆಗಳನ್ನೂ ಬರೆದರು. ಹರಿಹರನ ರಗಳೆಗಳನ್ನೂ, 1930ರಲ್ಲಿ ಶೂನ್ಯಸಂಪಾದನೆಯನ್ನೂ ಹೊರತಂದರು. ಕಥೆಯಿಲ್ಲದೆ ಹೋಗಿದ್ದರೆ ಏಳುನೂರು ವರ್ಷಗಳ ಕಾಲ ಆ ಕಟ್ಟುಗಳಿಗೆ ಹೂವೇರಿಸುವವರು ಇರುತ್ತಿರಲಿಲ್ಲ, ಕಟ್ಟುಗಳು ಉಳಿಯುತ್ತಲೂ ಇರಲಿಲ್ಲ. ಪುರಾಣವನ್ನು ಕೇಳಿದ ಅಜ್ಜಿಯಂದಿರ ಭಕ್ತಿಯೇ ಓಲೆಗರಿಯನ್ನು ಕಾಪಾಡಿತು. ಓಲೆಗರಿಯನ್ನು ಓದಿದ ಮೊಮ್ಮಗನ ಶ್ರಮವು ಆ ಭಕ್ತಿಗೆ ಆಧಾರವನ್ನು ಒದಗಿಸಿತು.

ಮಠಮಾನ್ಯಗಳ ಅಟ್ಟಗಳಲ್ಲಿಯೂ, ಹಳ್ಳಿಯ ಹಿರಿಯರ ಪೆಟ್ಟಿಗೆಗಳಲ್ಲಿಯೂ ಬಿಚ್ಚದ ಕಟ್ಟುಗಳು ಇನ್ನೂ ಇವೆ. ಓಲೆಗರಿಗಳಷ್ಟೇ ಅಲ್ಲ, ಹಳೆಯ ದಫ್ತರಗಳು, ಕಡತಗಳು, ಪ್ರಸಾದನಿಲಯದ ಲೆಕ್ಕದ ಪುಸ್ತಕಗಳು, ಮೊದಮೊದಲು ಶಾಲೆಗೆ ಬಂದ ಮಕ್ಕಳ ಹಾಜರಿಪಟ್ಟಿಗಳು ಕೂಡ ನಾಳಿನ ಇತಿಹಾಸಕ್ಕೆ ಸಾಕ್ಷಿಗಳೇ. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಅವುಗಳನ್ನು ಓದುವ ಬಗೆಯನ್ನು ಕಲಿಸಿದರೆ, ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿರುವುದನ್ನು ಹೊರತೆಗೆದರೆ, ದಾನಿಗಳು ಅವುಗಳ ರಕ್ಷಣೆಗೂ ಒಂದು ಪಾಲನ್ನು ಎತ್ತಿಟ್ಟರೆ, ಹಳಕಟ್ಟಿಯವರ ಸ್ಮರಣೆ ಸಾರ್ಥಕವಾಗುವುದು. ಜಗಲಿಯ ಮೇಲಿನ ಕಟ್ಟಿಗೆ ಕೈಮುಗಿದು, ಅನಂತರ ಅದನ್ನು ಬಿಚ್ಚಿ ಓದಿದ ಆ ಮಹಾನುಭಾವರಿಗೆ ಅನಂತ ಶರಣು.